ಮಡ್ಡಿಯ ಮೇಲೆ ದ್ವಿದಳ: ಸೊಲ್ಲಾಪುರ–ಅಕ್ಕಲಕೋಟ ಹುಲ್ಲುಗಾವಲಿನ ಚರಿತ್ರೆಯಿಂದ ಒಂದು ಪ್ರಶ್ನೆ

ನನ್ನ ಧ್ವನಿ ಸರಿಯಾಗಿ ಕೇಳತೈತಿ ಅಂದುಕೊಂಡು ಶುರು ಮಾಡತೀನಿ. ನಾನು ಅಕ್ಕಲಕೋಟ ತಾಲೂಕಿನ ಹನ್ನೂರಿನವನು. ನಮ್ಮದು ಮಹಾರಾಷ್ಟ್ರ, ಮನೆ ಮಾತು ಕನ್ನಡ, ಜಮೀನಿನ ಕಾಗದ ಮರಾಠಿ. ಈ ಮಾತನ್ನು ಪರಿಚಯಕ್ಕಷ್ಟೇ ಹೇಳಲಿಲ್ಲ, ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಯುರೋಪಿನ ಕೃಷಿ ಚರಿತ್ರೆ ಓದುವಾಗ ಕ್ಲೋವರ್ ಅನ್ನುವ ಸಣ್ಣ ಮೂರೆಲೆಯ ಗಿಡದ ಬಗ್ಗೆ ನಾವೆಲ್ಲ ಓದಿದ್ದೇವೆ. ಹುಲ್ಲಿನ ನಡುವೆ ಅದನ್ನು ಬೆಳೆಸಿದ್ದರಿಂದ ದನಗಳಿಗೆ ಮೇವಾಯಿತು, ಭೂಮಿಗೆ ಸಾರಜನಕ ಬಂತು, ಆಮೇಲೆ ಬಿತ್ತಿದ ಗೋಧಿ ಚಲೋ ಬೆಳೆಯಿತು. ನಮ್ಮ ಭಾಗದಲ್ಲಿ ಕ್ಲೋವರ್ ಇಲ್ಲ. ಬಿಸಿಲಿಗೆ ಅದು ನಿಲ್ಲುವುದೂ ಇಲ್ಲ. ಆದರೆ ಅದೇ ಕೆಲಸ ಮಾಡುವ ಬೇರೆ ದ್ವಿದಳ ಮೇವುಗಳು ಬಂದಿವೆ. ಅದರಲ್ಲಿ ಮುಖ್ಯವಾದದ್ದು ಸ್ಟೈಲೋಸಾಂಥಸ್, ಎಲ್ಲರ ಬಾಯಲ್ಲಿ ಸ್ಟೈಲೋ. ಜಲಾನಯನ ಯೋಜನೆಗಳ ಹೆಸರಲ್ಲಿ ದಶಕಗಳಿಂದ ಇದರ ಬೀಜವನ್ನು ಒಡ್ಡುಗಳ ಮೇಲೆ, ಗಾಯರಾಣಗಳಲ್ಲಿ ಚೆಲ್ಲುತ್ತ ಬಂದಿದ್ದಾರೆ. ನಮ್ಮ ಮಡ್ಡಿಗಳಲ್ಲಿ ಮಾತ್ರ ಅದು ಊರಲಿಲ್ಲ. ಯಾಕೆ ಅಂತ ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದೇ: "ರೈತರಿಗೆ, ಕುರುಬರಿಗೆ ತಿಳಿವಳಿಕೆ ಇಲ್ಲ." ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಯಾಕೆ ಒಪ್ಪಿಗೆಯಿಲ್ಲ ಅನ್ನುವುದೇ ಇವತ್ತಿನ ವಿಷಯ.

ಮೊದಲು ತಿಳಿವಳಿಕೆಯ ಮಾತು. ದ್ವಿದಳ ಗಿಡಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ ಅಂತ ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಟ್ ತೋರಿಸಿಕೊಟ್ಟದ್ದು 1886ರಲ್ಲಿ. ಎರಡು ವರ್ಷದ ನಂತರ ಬೈಯರಿಂಕ್ ಆ ಜೀವಿಯನ್ನೇ ಬೇರ್ಪಡಿಸಿದ. ನಮ್ಮ ರೈತರಿಗೆ ಆ ಜೀವಿಯ ಹೆಸರು ಗೊತ್ತಿರಲಿಲ್ಲ, ಖರೆ. ಆದರೆ ಮುಂಗಾರಿಗೆ ಹೆಸರು ತೆಗೆದ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಹೇಗೆ ಏಳುತ್ತದೆ ಅನ್ನುವುದು ಗೊತ್ತಿತ್ತು. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದು ಗೊತ್ತಿತ್ತು. ಜೋಳ ಅಂದರೇನು? ಅದೂ ಹುಲ್ಲಿನ ಜಾತಿಯೇ. ಹುಲ್ಲಿನ ಜೊತೆ ದ್ವಿದಳ ಕೂಡಿಸುವ ವಿದ್ಯೆ ನಮ್ಮ ಹೊಲದಲ್ಲಿ ಮೊದಲಿನಿಂದಲೂ ಇದೆ. ಅದು ಹೊಲದ ಬದು ದಾಟಿ ಮಡ್ಡಿಗೆ ಯಾಕೆ ಹೋಗಲಿಲ್ಲ ಅಂತ ಕೇಳಬೇಕು.

ಇದಕ್ಕೆ ಯುರೋಪಿನ ಚರಿತ್ರೆಯನ್ನೇ ಇನ್ನೊಂದು ಸಲ, ಸ್ವಲ್ಪ ಓರೆಯಾಗಿ ಓದೋಣ. ರಿಚರ್ಡ್ ವೆಸ್ಟನ್ ಅನ್ನುವ ಇಂಗ್ಲಿಷ್ ಜಮೀನ್ದಾರ ಫ್ಲಾಂಡರ್ಸ್ ಮತ್ತು ಬ್ರಬಾಂಟ್‌ನಲ್ಲಿ ಕ್ಲೋವರ್ ನೋಡಿ ಬಂದು ಬರೆದದ್ದು 1650ರಲ್ಲಿ ಅಚ್ಚಾಯಿತು. ಆದರೆ ಕ್ಲೋವರ್ ಎಲ್ಲ ಕಡೆ ಹಬ್ಬಲು ಇನ್ನೂ ನೂರು, ನೂರೈವತ್ತು ವರ್ಷ ಬೇಕಾಯಿತು. ಒಂದು ಕಾರಣ ಆಗಿನ ಬೇಲಿಯಿಲ್ಲದ ಹೊಲಗಳು. ಸುಗ್ಗಿ ಮುಗಿದ ಕೂಡಲೇ ಇಡೀ ಊರಿನ ದನ-ಕುರಿಗಳಿಗೆ ಆ ಹೊಲದಲ್ಲಿ ಮೇಯುವ ಹಕ್ಕಿತ್ತು. ಒಬ್ಬ ಕ್ಲೋವರ್ ಬಿತ್ತಿದರೆ ಊರೆಲ್ಲ ಮೇಯಿಸಿಕೊಂಡು ಹೋಗುತ್ತಿತ್ತು. ಕೆಲವು ಊರುಗಳು ಕೂತು ಮಾತಾಡಿ ಒಂದಷ್ಟು ಭಾಗವನ್ನು ಬಿಟ್ಟುಕೊಟ್ಟವು. ಬಹಳ ಕಡೆ ಬೇಲಿ ಬಂತು, ಬಡವರ ಹಸು ಹೊರಗೆ ಉಳಿಯಿತು.

ಸ್ಯಾಕ್ಸನಿಯ ಶೂಬಾರ್ಟ್‌ನ ಕಥೆ ಇನ್ನೂ ಸ್ಪಷ್ಟ. ಯೋಹಾನ್ ಕ್ರಿಶ್ಚಿಯನ್ ಶೂಬಾರ್ಟ್ ಕ್ಲೋವರ್ ಪ್ರಚಾರಕ. ಅವನ ಬರಹಕ್ಕೆ ಬರ್ಲಿನ್ ಅಕಾಡೆಮಿಯ ಬಹುಮಾನ ಬಂತು. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಅವನಿಗೆ 'ಕ್ಲೇಫೆಲ್ಡ್' ಅಂತ ಬಿರುದು ಕೊಟ್ಟ. ಅಂದರೆ ಕ್ಲೋವರ್ ಹೊಲದವನು. ಬೆಳೆಯ ಹೆಸರಲ್ಲಿ ಬಿರುದು! ನಮ್ಮಲ್ಲಿ ಯಾರಿಗಾದರೂ 'ಹುರಳಿ ಹೊಲದವರು' ಅಂತ ಕೊಟ್ಟರೆ ಹೇಗಿರತದ ನೋಡ್ರಿ. ಇರಲಿ. ಶೂಬಾರ್ಟ್ ಬರೆದದ್ದು ಬರೀ ಕ್ಲೋವರ್ ಹೇಗೆ ಬಿತ್ತಬೇಕು ಅಂತಲ್ಲ. ಮೇವಿನ ಹಕ್ಕು, ಕುರಿ ಅಟ್ಟುವ ಹಕ್ಕು, ಪಾಳು ಬಿಡುವ ಪದ್ಧತಿ, ಈ ಮೂರನ್ನೂ ಕೃಷಿಯ ಪಿಡುಗು ಅಂತ ಕರೆದ. ಅವನಿಗೆ ಬಿರುದು ಬಂದದ್ದು ಕ್ಲೋವರಿಗೆ ಎಷ್ಟೋ, ಕುರಿಯ ವಿರುದ್ಧ ಬರೆದದ್ದಕ್ಕೂ ಅಷ್ಟೇ. ಕ್ಲೋವರ್ ಚರಿತ್ರೆಯನ್ನು ಸಾರಜನಕದ ಚರಿತ್ರೆ ಅಂತ ಮಾತ್ರ ಓದುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಈಗ ನಮ್ಮ ನೆಲಕ್ಕೆ ಬರತೀನಿ. ಸೊಲ್ಲಾಪುರ, ಅಕ್ಕಲಕೋಟ ಭಾಗದಲ್ಲಿ ನೆಲ ಎರಡು ತರಹ: ತಗ್ಗಿನಲ್ಲಿ ಎರಿ, ದಿಬ್ಬದಲ್ಲಿ ಮಡ್ಡಿ. ಮಡ್ಡಿ ಅಂದರೆ ಗೇಣು ಮಣ್ಣು, ಕೆಳಗೆ ಮೊರಂ. ಮರಾಠಿಯಲ್ಲಿ ಮಾಳ ಅಂತಾರ. ವರ್ಷದ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಅದೂ ಜೂನ್‌ನಲ್ಲಿ ಒಂದಷ್ಟು ಬಂದು, ನಡುವೆ ಕೈಕೊಟ್ಟು, ಸೆಪ್ಟೆಂಬರ್‌ನಲ್ಲಿ ಮತ್ತೆ ಹೊಯ್ಯುವ ಮಳೆ. ಹಾಗಾಗಿ ನಮ್ಮದು ಹಿಂಗಾರಿ ಜೋಳದ ಸೀಮೆ. ಜಿಲ್ಲೆಯ ಮೊಹೋಳದಲ್ಲೇ ಆರಿಸಿದ ಮಾಲದಂಡಿ ಜೋಳ, ಅಂದರೆ ಎಂ 35-1, ಇವತ್ತಿಗೂ ವಿಜಯಪುರ, ಕಲಬುರಗಿ ತನಕ ಬಿತ್ತುತ್ತಾರೆ. ಅದರ ಕಾಳಿನಷ್ಟೇ ಅದರ ಕಣಕಿಗೂ ಬೆಲೆ. ಕೆಲವು ವರ್ಷ ಕಣಕಿಗೇ ಹೆಚ್ಚು.

ಇದು ಮುಖ್ಯ ಮಾತು. ನಮ್ಮಲ್ಲಿ ಎತ್ತಿನ ಮೇವು ಹೊಲದಿಂದ ಬರುತ್ತಿತ್ತು, ಮಡ್ಡಿಯಿಂದ ಅಲ್ಲ. ಖಿಲಾರಿ ಎತ್ತು ಕಟ್ಟಿದ ಮನೆಯ ಮುಂದೆ ಕಣಕಿ ಬಣವಿ ನಿಂತಿರುತ್ತಿತ್ತು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹೊಡೆದುಕೊಂಡು ಹೋಗುವ ಎತ್ತಿನ ಮೈ ಮಿರುಗುತ್ತಿದ್ದದ್ದು ಕಣಕಿ, ಹಿಂಡಿ, ಹುರಳಿಯಿಂದ. ಮಡ್ಡಿ ಮೇಯುತ್ತಿದ್ದದ್ದು ಕುರಿ, ಆಡು, ಹಾಲು ಬತ್ತಿದ ಹಸು, ಹೊಲವಿಲ್ಲದವರ ಎಮ್ಮೆ. ಅಂದರೆ ಮಡ್ಡಿಯ ಹುಲ್ಲು ಸುಧಾರಿಸಿದರೆ ಲಾಭ ಯಾರಿಗೆ? ಬಣವಿ ಇಲ್ಲದವರಿಗೆ. ಸುಧಾರಣೆಯ ತೀರ್ಮಾನ ತಗೊಳ್ಳುವವರು ಯಾರು? ಬಣವಿ ಇದ್ದವರು.

ಮಡ್ಡಿಯ ಹುಲ್ಲಿಗೂ ಒಂದು ಏಣಿ ಇದೆ. ಚಲೋ ಇದ್ದಾಗ ಪವನಾ, ಮಾರ್ವೇಲ್ ಹುಲ್ಲು. ಮೇದು ಮೇದು ಸೋತಾಗ ಕುಸಳಿ. ಇನ್ನೂ ಸೋತಾಗ ಮುಳ್ಳಿನಂಥ ಒಣ ಅರಿಸ್ಟಿಡಾ. ಕುಸಳಿಯ ಮುಳ್ಳು ಕುರಿಯ ಉಣ್ಣೆಗೆ ಹತ್ತಿ ಚರ್ಮಕ್ಕೆ ಇಳಿಯುತ್ತದೆ. ಒಣಗಿ ನಿಂತ ಹುಲ್ಲಿನಲ್ಲಿ ಪ್ರೋಟೀನ್ ಶೇ 3–4 ಇದ್ದರೆ ಹೆಚ್ಚು. ಸ್ಟೈಲೋದಲ್ಲಿ ಅದು ಶೇ 12ರಿಂದ 18. ಜನವರಿಯಿಂದ ಮೇ ತನಕ ಒಣ ಹುಲ್ಲು ತಿಂದು ಬಡಕಲಾಗುವ ಕುರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸರಕಾರದ ಕಣ್ಣು ಹುಲ್ಲಿನ ಮೇಲೆ ಬಿದ್ದದ್ದು ಬರದಿಂದ. 1876–78ರ ದೊಡ್ಡ ಬರದಲ್ಲಿ ಸೊಲ್ಲಾಪುರ ಜಿಲ್ಲೆ ಬಹಳ ಸೋತಿತು. 1893ರ ತಮ್ಮ ವರದಿಯಲ್ಲಿ ವೋಲ್ಕರ್, ಉರುವಲು ಮತ್ತು ಮೇವಿಗಾಗಿಯೇ ಮೀಸಲು ಕಾಡು ಬೇಕು ಅಂದರು. ಸಗಣಿಯನ್ನು ಒಲೆಗೆ ಹಾಕುವುದು ನಿಲ್ಲಬೇಕಾದರೆ ಕಟ್ಟಿಗೆ ಕೊಡಬೇಕು ಅನ್ನುವುದು ಅವರ ತರ್ಕ. ಪುಣೆಯಲ್ಲಿದ್ದ ಸಸ್ಯಶಾಸ್ತ್ರಜ್ಞ ಡಬ್ಲ್ಯೂ. ಬರ್ನ್ಸ್ ಮತ್ತವರ ಸಹೋದ್ಯೋಗಿಗಳು 1920ರ ದಶಕದಲ್ಲಿ ಪಶ್ಚಿಮ ಭಾರತದ ಹುಲ್ಲುಗಳನ್ನು ಅಧ್ಯಯನ ಮಾಡಿ, ಸರದಿಯ ಮೇಲೆ ಮೇಯಿಸುವ ಪ್ರಯೋಗಗಳನ್ನು ನಡೆಸಿದರು. 1928ರ ರಾಯಲ್ ಕೃಷಿ ಆಯೋಗ ಹೇಳಿದ್ದು ಇನ್ನೂ ನೇರ: ಮೇವಿನ ಭೂಮಿ ಹೆಚ್ಚಿಸಲು ಆಗುವುದಿಲ್ಲ, ಇರುವುದರ ಇಳುವರಿ ಹೆಚ್ಚಿಸಿ. 1933ರಲ್ಲಿ ಸೊಲ್ಲಾಪುರದಲ್ಲೇ ಒಣಬೇಸಾಯದ ಸಂಶೋಧನೆ ಶುರುವಾಯಿತು. ಆದರೆ ಅದು ಜೋಳದ ಸುತ್ತ ತಿರುಗಿತು. ಮಡ್ಡಿ ಮತ್ತೆ ಹೊರಗೇ ಉಳಿಯಿತು.

ಕ್ಲೋವರ್ ಜಾತಿಯ ಒಂದು ಗಿಡ ಮಾತ್ರ ಆಗಲೇ ಮುಂಬಯಿ ಪ್ರಾಂತಕ್ಕೆ ಬಂದಿತ್ತು. ಈಜಿಪ್ತಿನ ಬರ್ಸೀಮ್. 1904ರಲ್ಲಿ ಸಿಂಧ್‌ನ ಮೀರ್‌ಪುರ ಖಾಸ್‌ನಲ್ಲಿ ಅದನ್ನು ಬಿತ್ತಿದರು. ಸಿಂಧ್ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು, ಸೊಲ್ಲಾಪುರವೂ ಅದೇ ಪ್ರಾಂತದಲ್ಲಿತ್ತು. ಅಲ್ಲಿ ಕಾಲುವೆ ಇತ್ತು, ಚಳಿಗಾಲವೂ ಉದ್ದ, ಗಿಡ ಹತ್ತಿತು. ಆಮೇಲೆ ಪಂಜಾಬಿನಿಂದ ಉತ್ತರ ಪ್ರದೇಶದ ತನಕ ಹೈನುಗಾರಿಕೆಯ ಬೆನ್ನೆಲುಬಾಯಿತು. ನಮ್ಮ ಕಡೆ ನೀರಾವರಿ ಇದ್ದವರು ಅದಕ್ಕಿಂತ ಕುದುರೆ ಮಸಾಲೆಯನ್ನೇ ನೆಚ್ಚಿಕೊಂಡರು. ಹೆಸರೇ ಹೇಳುವಂತೆ ಅದು ಕುದುರೆಗಳ ಮೇವಾಗಿ ಹೆಸರಾದದ್ದು, ಈಗ ಹಾಲಿನ ಹಸುಗಳದು. ಎರಡೂ ಮಡಿಯಲ್ಲಿ ಬೆಳೆದು ಕೊಯ್ದು ಹಾಕುವ ಮೇವು. ಬಾವಿ ಇದ್ದವನ ದ್ವಿದಳ.

ಬಾವಿ ಇಲ್ಲದ ನೆಲದ ದ್ವಿದಳ ಅಂದರೆ ಸ್ಟೈಲೋ. ಇದರ ಮೂಲ ಹೆಚ್ಚಾಗಿ ದಕ್ಷಿಣ ಅಮೆರಿಕ, ಕೆರಿಬಿಯನ್. ಒಂದು ಜಾತಿ, ಫ್ರುಟಿಕೋಸಾ, ಮಾತ್ರ ಆಫ್ರಿಕದಲ್ಲೂ ದಕ್ಷಿಣ ಭಾರತದಲ್ಲೂ ತಾನೇ ಬೆಳೆಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ 1900ರ ಸುಮಾರಿಗೆ ಯಾರೂ ಕರೆಯದೆ ಒಂದು ಸ್ಟೈಲೋ ಬಂದು, ಟೌನ್ಸ್‌ವಿಲ್ ಬಂದರಿನ ಹೆಸರು ಪಡೆದು ಲಕ್ಷಾಂತರ ಎಕರೆ ಹುಲ್ಲಿನಲ್ಲಿ ಬೆರೆತಿತ್ತು. 1970ರ ದಶಕದಲ್ಲಿ ಆಂಥ್ರಾಕ್ನೋಸ್ ರೋಗ ಅದನ್ನು ಒರೆಸಿಹಾಕಿತು. ಆಮೇಲೆ ರೋಗ ತಡೆಯುವ ಹಮಾಟಾ, ಸ್ಕಾಬ್ರಾ ಜಾತಿಗಳು ಮುಂದೆ ಬಂದವು. ಭಾರತದಲ್ಲಿ ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ 1962ರಲ್ಲಿ ಆಯಿತು. ಅದರ ದಕ್ಷಿಣದ ಕೇಂದ್ರ ಧಾರವಾಡದಲ್ಲಿದೆ. ಉರುಳಿಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರ ಬಾಯಫ್ 1967ರಲ್ಲಿ, ರಾಹುರಿಯ ಕೃಷಿ ವಿದ್ಯಾಪೀಠ 1968ರಲ್ಲಿ. ಸೊಲ್ಲಾಪುರ ಈ ವಿದ್ಯಾಪೀಠದ ವ್ಯಾಪ್ತಿಯಲ್ಲೇ ಬರುತ್ತದೆ, ಸ್ಟೈಲೋದ 'ಫುಲೆ ಕ್ರಾಂತಿ' ತಳಿ ಅಲ್ಲಿಯದು. ಅಂದರೆ ಸಂಸ್ಥೆ ಇತ್ತು, ತಳಿ ಇತ್ತು, ಬೀಜ ಇತ್ತು.

ಊರಿಸುವುದು ಹೇಗೆ ಅನ್ನುವುದನ್ನೂ ಹೇಳಬೇಕು. ಚರಿತ್ರೆಯ ಗಂಟು ಬಿಚ್ಚುವುದು ಅಲ್ಲಿಯೇ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಕುದಿಯುವ ನೀರಲ್ಲ, 80 ಡಿಗ್ರಿ ಬಿಸಿನೀರಲ್ಲಿ ನಾಲ್ಕೈದು ನಿಮಿಷ ಅದ್ದಿ, ರಾತ್ರಿ ತಣ್ಣೀರಲ್ಲಿ ನೆನೆಹಾಕಬೇಕು. ಸಾಲಿನಲ್ಲಿ ಬಿತ್ತಿದರೆ ಹೆಕ್ಟೇರಿಗೆ 6 ಕಿಲೋ, ಚೆಲ್ಲಿದರೆ 10 ಕಿಲೋ. ಬೀಜ ಎಷ್ಟು ಸಣ್ಣದೆಂದರೆ ಒಂದು ಸೆಂಟಿಮೀಟರಿಗಿಂತ ಆಳ ಹೋದರೆ ಮೇಲೇಳುವುದಿಲ್ಲ. ಹಗುರ ಮಣ್ಣು ಅದಕ್ಕೆ ಸರಿ, ನೀರು ನಿಲ್ಲುವ ಎರಿ ಸರಿಯಲ್ಲ. ಯುರೋಪಿನ ಕ್ಲೋವರಿಗೆ ತನ್ನದೇ ಸೂಕ್ಷ್ಮಜೀವಿ ಬೇಕು. ಇದಕ್ಕೆ ಆ ಹಟವಿಲ್ಲ. ಅಲಸಂದಿ, ಶೇಂಗಾ, ಹೆಸರು ಬೆಳೆದ ಸೀಮೆಯ ಮಣ್ಣಿನಲ್ಲಿರುವ ಜೀವಿಯೇ ಇದಕ್ಕೂ ಸಾಕಾಗುತ್ತದೆ. ರಂಜಕ ಸ್ವಲ್ಪ ಕೊಟ್ಟರೆ ಚಲೋ.

ಇಷ್ಟೆಲ್ಲ ಆದ ಮೇಲೆ ಮುಖ್ಯ ಷರತ್ತು ಒಂದು: ಮೊದಲ ಮಳೆಗಾಲದಲ್ಲಿ ಅದನ್ನು ಮೇಯಿಸಬಾರದು. ಸಸಿ ಮೊದಮೊದಲು ನಿಧಾನ. ಸುತ್ತಲಿನ ಹುಲ್ಲು ಅದರ ಮೇಲೆ ನೆರಳು ಹಾಕುತ್ತದೆ, ಕುರಿಯ ಗೊರಸು ಬೇರು ಕೀಳುತ್ತದೆ. ಹೂ ಬಿಟ್ಟು, ಕಾಯಾಗಿ, ಬೀಜ ನೆಲಕ್ಕೆ ಬಿದ್ದರೆ ಮಾತ್ರ ಮುಂದಿನ ವರ್ಷವಿದೆ. ಹಮಾಟಾ ಹೆಚ್ಚು ಬಾಳುವ ಗಿಡವಲ್ಲ, ಎರಡು ಮೂರು ವರ್ಷ. ಅದು ಉಳಿಯುವುದು ಬೀಜದಿಂದ. ಆದರೆ ಒಮ್ಮೆ ಬೀಜ ಬಿದ್ದ ಮೇಲೆ ಲೆಕ್ಕ ತಿರುಗುತ್ತದೆ. ಆಗ ಕುರಿ ಶತ್ರುವಲ್ಲ. ಕುರಿ ಹುಲ್ಲನ್ನು ತಗ್ಗಿಸಿ ಸಸಿಗೆ ಬಿಸಿಲು ಬಿಡುತ್ತದೆ, ಹಿಕ್ಕೆಯಲ್ಲಿ ಬೀಜ ಹೊತ್ತು ದೂರ ಹಾಕುತ್ತದೆ. ಉತ್ತರ ಆಸ್ಟ್ರೇಲಿಯಾದಲ್ಲಿ ತೀರಾ ಮೇಯಿಸಿ ಮೇಯಿಸಿ ಹುಲ್ಲೇ ಹೋಗಿ ಸ್ಟೈಲೋ ಮಾತ್ರ ಉಳಿದ ಜಾಗಗಳೂ ಇವೆ. ಹಾಗಾಗಿ ಈ ಗಿಡ ಕೇಳುವುದು ಕಾಯಂ ಬೇಲಿಯನ್ನಲ್ಲ. ಅದಕ್ಕೆ ಬೇಕಾದದ್ದು ಒಂದಷ್ಟು ತಿಂಗಳ ಬಿಡುವು, ಮತ್ತು ಆ ಬಿಡುವನ್ನು ಎಲ್ಲರೂ ಪಾಲಿಸುವ ಮಾತು.

ಆ ಮಾತು ಯಾರ ಮಧ್ಯೆ ಆಗಬೇಕು? ಇಲ್ಲಿ ಜಮೀನಿನ ಕಾಗದ ಬರುತ್ತದೆ. ಸಾತ್‌ಬಾರಾ ಉತಾರೆಯಲ್ಲಿ ಗಾಯರಾಣ ಅಂತ ಇರುತ್ತದೆ, ಒಡೆತನ ಸರಕಾರದ್ದು. ಆದರೆ ನೆಲದ ಮೇಲೆ ನೋಡಿದರೆ ಅದು ಖಾಲಿ ಹುಲ್ಲುಗಾವಲಲ್ಲ. ಭೂಮಿಯಿಲ್ಲದ ದಲಿತ ಕುಟುಂಬಗಳು ಅಲ್ಲಿ ಉಳುಮೆ ಮಾಡಿವೆ. ದಾದಾಸಾಹೇಬ ಗಾಯಕವಾಡರ ನೇತೃತ್ವದಲ್ಲಿ 1959ರಲ್ಲಿ, ಮತ್ತೆ 1964ರಲ್ಲಿ ನಡೆದ ಭೂಮಿ ಸತ್ಯಾಗ್ರಹಗಳ ಹಿಂದೆ ಇದ್ದದ್ದು ಇದೇ ನೆಲದ ಪ್ರಶ್ನೆ. 1991ರಲ್ಲಿ ಮಹಾರಾಷ್ಟ್ರ ಸರಕಾರ 14 ಏಪ್ರಿಲ್ 1990ರ ಒಳಗಿನ ಇಂಥ ಸಾಗುವಳಿಯನ್ನು ಸಕ್ರಮ ಮಾಡುವ ನಿರ್ಣಯ ಹೊರಡಿಸಿತು. ತಾರೀಖು ನೋಡ್ರಿ, ಅಂಬೇಡ್ಕರ್ ಜಯಂತಿ. 2011ರಲ್ಲಿ ಸುಪ್ರೀಂ ಕೋರ್ಟು ಜಗಪಾಲ ಸಿಂಗ್ ಪ್ರಕರಣದಲ್ಲಿ ಊರಿನ ಸಾಮೂಹಿಕ ಭೂಮಿಯ ಅತಿಕ್ರಮಣ ತೆರವು ಮಾಡಿರಿ ಅಂದಿತು. ಈಗ ಸೌರ ವಿದ್ಯುತ್ ಯೋಜನೆಗೂ ಗಾಯರಾಣ ಬೇಕು. ಒಂದೇ ಸರ್ವೇ ನಂಬರಿನ ಮೇಲೆ ಕುರಿ, ಜೋಳ, ಸೋಲಾರ್ ಫಲಕ, ಮತ್ತೆ ಸ್ಟೈಲೋ ಬೀಜದ ಚೀಲ. "ಗಾಯರಾಣ ಉಳಿಸಿ" ಅಂತ ಘೋಷಣೆ ಕೂಗುವ ಮೊದಲು, ಆ ಘೋಷಣೆಯಿಂದ ಯಾರ ಗುಡಿಸಲು ಕೀಳುತ್ತಾರೆ ಅಂತ ಕೇಳಿಕೊಳ್ಳುವುದು ಚಲೋ.

ಉತ್ತರ ಸೊಲ್ಲಾಪುರದ ನಾನ್ನಜದ ಉದಾಹರಣೆಯೂ ಇದೆ. ಮಾಳಢೋಕ ಹಕ್ಕಿಗಾಗಿ, ಅಂದರೆ ನಮ್ಮ ಎರ್ಲಡ್ಡಿಗಾಗಿ, 1979ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಕಾಗದದ ಮೇಲೆ 8,496 ಚದರ ಕಿಲೋಮೀಟರ್, ಊರು, ಹೊಲ, ರಸ್ತೆ ಎಲ್ಲ ಸೇರಿ. ಆಮೇಲೆ ಅದನ್ನು 1,222ಕ್ಕೆ ಇಳಿಸಿದರು. ಕಾದಿಟ್ಟ ತುಂಡುಗಳಲ್ಲಿ ಹುಲ್ಲು ಎದ್ದಿತು, ಬೇಲಿಯ ಹೊರಗಿನವರ ಸಿಟ್ಟೂ ಎದ್ದಿತು.

ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ರಾಳೇಗಣ ಸಿದ್ಧಿ, ಹಿವರೆ ಬಾಜಾರ ಊರುಗಳ ದಾರಿ ಬೇರೆ. ಅಲ್ಲಿ ಗ್ರಾಮಸಭೆಯೇ 'ಚರಾಯಿಬಂದಿ' ತಂದಿತು, ಅಂದರೆ ಬಿಟ್ಟು ಮೇಯಿಸುವುದಕ್ಕೆ ತಡೆ. ಹುಲ್ಲು ಬಂತು, ಹಾಲು ಹೆಚ್ಚಿತು, ಅದರಲ್ಲಿ ಸಂಶಯವಿಲ್ಲ. ಆದರೆ ಹುಲ್ಲು ಕೊಯ್ದು ತಂದು ಹಾಕುವ ಮೇವು ಹಸು-ಎಮ್ಮೆಯ ಲೆಕ್ಕಕ್ಕೆ ಬರುತ್ತದೆ, ಅಲೆಯುವ ಕುರಿಯ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಮಸಭೆಯಲ್ಲಿ ಕೈಯೆತ್ತುವವನು ಆ ಊರಿನ ಮತದಾರ. ದಕ್ಖನಿ ಕುರಿ ಹೊಡೆದುಕೊಂಡು ಬರುವ ಕುರುಬ ಬೇರೆ ಊರಿನವನು, ನಮ್ಮ ಕಡೆ ಎಷ್ಟೋ ಸಲ ಬೇರೆ ರಾಜ್ಯದವನು. ಶೂಬಾರ್ಟ್‌ನ ಕಾಲದ ಜಗಳ ಮತ್ತೆ ಬಂತಲ್ಲ!

ಅಕ್ಕಲಕೋಟ ಸಂಸ್ಥಾನ 1948ರಲ್ಲಿ ವಿಲೀನವಾಯಿತು, 1956ರಲ್ಲಿ ಗಡಿ ಬಂತು, 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟ ತಾಲೂಕು ಕರ್ನಾಟಕಕ್ಕೆ ಸೇರಬೇಕು ಅಂದಿತು, ಆಗಲಿಲ್ಲ. ನಮ್ಮ ಗಡಿ ಚರ್ಚೆಯೆಲ್ಲ ಭಾಷೆಯದು, ಶಾಲೆಯದು, ಅದು ಇರಬೇಕಾದದ್ದೇ. ಆದರೆ ಕುರಿ ಹಿಂಡಿನ ದಾರಿಯ ಮೇಲೂ ಆ ಗೆರೆ ಬಿದ್ದಿದೆ. ದೀಪಾವಳಿಗೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆಗೆ ಎರಡೂ ರಾಜ್ಯದ ಕುರುಬರು ಕೂಡುತ್ತಾರೆ. ರೈತ ತನ್ನ ಹೊಲದಲ್ಲಿ ರಾತ್ರಿ ಕುರಿ ತರುಬಿಸಿಕೊಂಡು ಗೊಬ್ಬರಕ್ಕೆ ಬದಲಾಗಿ ಕಾಳು, ರೊಕ್ಕ ಕೊಡುತ್ತಾನೆ. ಆ ಒಪ್ಪಂದ ಕಾಗದವಿಲ್ಲದೆ ನಡೆದು ಬಂದಿದೆ. ಮಡ್ಡಿಗೆ ಬಿಡುವು ಕೊಡುವ ಮಾತು ನಡೆಯಬೇಕಾದದ್ದು ಇಂಥ ಕಡೆ. ತಾಲೂಕು ಕಚೇರಿಯ ಸಭೆಗೆ ಕುರುಬ ಬರುವುದಿಲ್ಲ, ಕರೆಯುವುದೂ ಇಲ್ಲ.

ಚರ್ಚೆಯಲ್ಲಿ ಒಬ್ಬ ಅಧ್ಯಾಪಕರು ಕೇಳಿದರು: "ಹಾಗಾದರೆ ಗಾಯರಾಣ ಮುಚ್ಚಬೇಕೋ ತೆರೆಯಬೇಕೋ, ಒಂದು ಹೇಳಿ." ಸರ್, ಎರಡೂ ಅಲ್ಲ. ಮೂರು ಭಾಗ ಮಾಡಿ, ಒಂದು ಭಾಗವನ್ನು ಜೂನ್‌ನಿಂದ ಕಾಯಿ ಉದುರುವ ತನಕ, ಅಂದರೆ ಡಿಸೆಂಬರ್ ಹೊತ್ತಿಗೆ, ಬಿಡುವು ಕೊಡಬೇಕು. ಆಮೇಲೆ ಅದೇ ಕುರಿಗಳನ್ನು ಒಳಗೆ ಬಿಡಬೇಕು. ಮುಂದಿನ ವರ್ಷ ಪಕ್ಕದ ಭಾಗ. ಉಳುಮೆ ಆದ ತುಂಡುಗಳನ್ನು ಈ ಲೆಕ್ಕಕ್ಕೆ ತರಲೇಬಾರದು. ಬಿಡುವಿನ ಆರು ತಿಂಗಳು ಹಿಂಡಿಗೆ ಎಲ್ಲಿ ಮೇವು ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ಬೀಜದ ಚೀಲ ಬಿಚ್ಚಲೇಬಾರದು. 2013ರಲ್ಲಿ, ಮತ್ತೆ 2019ರಲ್ಲಿ ಜಿಲ್ಲೆಯಲ್ಲಿ ಚಾರಾ ಛಾವಣಿ ತೆರೆದು ದನಗಳಿಗೆ ಕಬ್ಬು ಕತ್ತರಿಸಿ ಹಾಕಿದರಲ್ಲ, ಆ ಖರ್ಚಿನ ಒಂದು ಚೂರು ಬಿಡುವಿನ ವರ್ಷದ ಕುರುಬನ ಮೇವಿಗೆ ಯಾಕೆ ಬರಬಾರದು ಅಂತ ನನ್ನ ಪ್ರಶ್ನೆ.

ಕೊನೆಗೆ ಒಬ್ಬ ವಿದ್ಯಾರ್ಥಿನಿ, ಬೀಜ ಎಲ್ಲಿಂದ ಬರತದ ಅಂತ ಕೇಳಿದರು. ದೇಶದ ಸ್ಟೈಲೋ ಬೀಜದ ದೊಡ್ಡ ಪಾಲು ಆಂಧ್ರದ ಅನಂತಪುರ ಜಿಲ್ಲೆಯ ಸಣ್ಣ ರೈತರು ಬೆಳೆದದ್ದು. ಅದೂ ನಮ್ಮಂಥದೇ, ಮಳೆ ಕಡಿಮೆ ಇರುವ ಸೀಮೆ. ಅಲ್ಲಿ ಉದುರಿದ ಬೀಜವನ್ನು ನೆಲದಿಂದ ಗುಡಿಸಿ, ಮಣ್ಣು ಜರಡಿ ಹಿಡಿದು ಮಾರುತ್ತಾರೆ. ಅದು ಅವರ ಸ್ವಂತ ಹೊಲದ ಬೆಳೆ, ಬೇರೆಯವರ ಕುರಿ ಅಲ್ಲಿ ಕಾಲಿಡುವುದಿಲ್ಲ.